ನರ್ಸರಿಯಿಂದ ತಂದ ಗಿಡಕ್ಕೆ 30 ದಿನ ಬೇರೆ ಜಾಗ ಕೊಡಿ

ಒಂದೇ ಒಂದು ದಾಸವಾಳ ಗಿಡ ತಂದು ನಾನು 22 ಪಪ್ಪಾಯ ಗಿಡ ಕಳೆದುಕೊಂಡೆ. ಬೇಸಿಗೆ ಶುರುವಾಗಿತ್ತು. ನರ್ಸರಿಯಿಂದ ತಂದ ಗಿಡದ ಎಲೆ ತೊಳೆದು, ಒಂದು ಸಲ ಬೇವಿನ ಎಣ್ಣೆ ಹೊಡೆದು, ತಣಿಸಂದ್ರದ ನಮ್ಮ ತೋಟದ ಪಪ್ಪಾಯ ಸಾಲಿನ ತುದಿಯಲ್ಲಿ ಇಟ್ಟೆ. ಆರು ವಾರ ಕಳೆಯುವಷ್ಟರಲ್ಲಿ ಕಾಯಿಗಳ ಮೇಲೆಲ್ಲ ಬಿಳಿ ಹತ್ತಿ! ತೋಟಗಾರಿಕೆ ಓದಿದ ನಾನೇ ಹೀಗೆ ಮಾಡಿದರೆ ಯಾರನ್ನು ಬೈಯೋದು?

ಒಂದು ಸಲ ಹೊಡೆದರೆ ಯಾಕೆ ಸಾಲದು?

ಪಪ್ಪಾಯ ಹಿಟ್ಟು ತಿಗಣೆ ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಮೈಮೇಲೆ ಮೇಣ ಇರುವುದರಿಂದ ಸಿಂಪರಣೆ ಒಳಗೆ ಇಳಿಯುವುದಿಲ್ಲ. ಎಳೆ ಮರಿಗಳು ಸತ್ತರೂ ಮೊಟ್ಟೆ ಉಳಿಯುತ್ತದೆ, ಸುಮಾರು 10 ದಿನದಲ್ಲಿ ಹೊಸ ಮರಿ ಹೊರಬರುತ್ತದೆ. ಅವನ್ನು ಗಾಳಿ, ಇರುವೆ, ನಮ್ಮ ಬಟ್ಟೆ ಪಕ್ಕದ ಗಿಡಕ್ಕೆ ದಾಟಿಸುತ್ತವೆ.

ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಟ್ಟವರಿಗೂ ಇದೇ ಪಾಠ. ಹವಳಕ್ಕೆ ಅಂಟಿ ಬರುವ ಚಪ್ಪಟೆ ಹುಳು ಔಷಧದ ನೀರಲ್ಲಿ ಅದ್ದಿದರೆ ಉದುರುತ್ತದೆ, ಮೊಟ್ಟೆ ಉಳಿಯುತ್ತದೆ. ಅದಕ್ಕೇ ಹೊಸ ಹವಳವನ್ನು ಬೇರೆ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಅದ್ದಿ ನೋಡುತ್ತಾರೆ.

ಹೆಬ್ಬಾಳದ ಉದಾಹರಣೆ

ಈ ತಿಗಣೆ ನಮ್ಮ ದೇಶದ್ದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡಿತು. ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಎಲ್ಲಕ್ಕೂ ಹಬ್ಬಿತು. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಬಗೆಯ ಪುಟ್ಟ ಪರಾವಲಂಬಿ ಕಣಜಗಳನ್ನು ಹೆಬ್ಬಾಳದ ಈಗಿನ ಎನ್‌ಬಿಎಐಆರ್ ಸಂಸ್ಥೆಗೆ ತರಿಸಲಾಯಿತು. ಅದರಲ್ಲಿ ಅಸೆರೊಫೇಗಸ್ ಪಪಾಯೆ ಅನ್ನುವುದು ತಿಗಣೆಯನ್ನು ಚೆನ್ನಾಗಿ ಹತೋಟಿಗೆ ತಂದಿತು. ಗಮನಿಸಿ: ಉಪಕಾರಕ್ಕೆ ಬಂದ ಕಣಜವನ್ನೂ ನೇರ ಹೊಲಕ್ಕೆ ಬಿಡಲಿಲ್ಲ. ಮೊದಲು ಬೇರೆ ಇಟ್ಟು ಪರೀಕ್ಷೆ ಮಾಡಿದರು. ಹಾಗಿರುವಾಗ ನಾವು ತಂದ ಗಿಡವನ್ನು ಅದೇ ದಿನ ಸಾಲಿಗೆ ಸೇರಿಸೋದು ಯಾವ ನ್ಯಾಯ?

ಈಗ ನಾನು ಮಾಡುವುದು

1. ಹೊಸ ಗಿಡ ತೋಟದಿಂದ ದೂರ, ಗಾಳಿ ಬೀಸುವ ದಿಕ್ಕಿಗೆ ತೋಟದ ಆಚೆ ಬದಿಯಲ್ಲಿ 30 ದಿನ ಇರುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆ ಮೇಲೆ ಇಡುತ್ತೇನೆ, ಇರುವೆ ಹತ್ತಲ್ಲ.
2. ಮೊದಲ ದಿನವೇ ಎಲೆ ತಳ, ಗೆಣ್ಣು, ಚಿಗುರಿನ ಸಂದು ನೋಡುತ್ತೇನೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೆ ಚೀಲ ಕಾಣುತ್ತದೆ. ಕಂಡದ್ದನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸೋಪಿನ ನೀರಲ್ಲಿ ಉಜ್ಜಿ ತೆಗೆಯುತ್ತೇನೆ.
3. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪರಣೆ. ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಎರಡನೆಯದು, ಮೂರನೆಯದೇ ಮುಖ್ಯ, ಮೊಟ್ಟೆಯಿಂದ ಬಂದ ಮರಿಗೆ ಬೀಳುವ ಏಟು ಅದು.
4. ನೀರು ಹಾಕುವಾಗ ತೋಟ ಮೊದಲು, ಹೊಸ ಗಿಡ ಕೊನೆಗೆ. ಅದಕ್ಕೆ ಕತ್ತರಿಯೂ ಬೇರೆ.
5. 25ನೇ ದಿನ ಒಂದು ತಿಗಣೆ ಕಂಡರೂ ಎಣಿಕೆ ಮತ್ತೆ ಒಂದರಿಂದ ಶುರು.

ಕಂಡದ್ದು ಪಪ್ಪಾಯ ತಿಗಣೆಯೇನಾ ಅನ್ನೋ ಅನುಮಾನವೇ? ಒಂದೆರಡನ್ನು ಆಲ್ಕೋಹಾಲಿನಲ್ಲಿ ಹಾಕಿಡಿ. ಒಂದೆರಡು ದಿನದಲ್ಲಿ ನೀಲಿಗಪ್ಪಾದರೆ ಅದೇ ಇರಬಹುದು. ಫೋಟೋ ಸಮೇತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಖಚಿತ ಮಾಡಿಕೊಳ್ಳಿ.

ಹೋದ ತಿಂಗಳು ತಂದ ನುಗ್ಗೆ ಸಸಿಗಳು ಇನ್ನೂ ಗೇಟಿನ ಪಕ್ಕ ಕಾಯುತ್ತಿವೆ. ಇವತ್ತಿಗೆ 19ನೇ ದಿನ.