ಟ್ರ್ಯಾಕ್ಟರಿನ ತಂತಿಜಡೆಯ ಹೋಸು: ಕತ್ತರಿಸುವ ಮತ್ತು ಜೋಡಿಸುವ ಕ್ರಮ



ಎತ್ತಿನ ಗಾಡಿಯ ಕಾಲದಲ್ಲಿ ಒಂದು ಗಾಡಿ ಗೊಬ್ಬರವನ್ನು ಹೊಲದಲ್ಲಿ ಇಳಿಸಬೇಕಾದರೆ ಬುಟ್ಟಿ, ಸಲಿಕೆ ಹಿಡಿದು ಆಳುಗಳು ನಿಲ್ಲಬೇಕಾಗಿತ್ತು. ಈಗ ಟ್ರ್ಯಾಕ್ಟರಿನ ಮೇಲೆ ಕುಳಿತು ಒಂದು ಹಿಡಿಯನ್ನು ಎಳೆದರೆ ಟ್ರೇಲರು ತಾನೇ ಮೇಲೆದ್ದು ಹೇರನ್ನು ಕೆಡವುತ್ತದೆ. ಅಷ್ಟು ಭಾರವನ್ನು ಎತ್ತುವ ಬಲವೆಲ್ಲ ಹೆಬ್ಬೆರಳು ಗಾತ್ರದ ಒಂದು ಕಪ್ಪು ಹೋಸಿನೊಳಗಿನ ಎಣ್ಣೆಯ ಮೂಲಕ ಜಾಕಿಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಅದು ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನಂತೆಯೇ ಕಾಣುತ್ತದೆ. ಹಾಗೆಂದು ಅದನ್ನು ಕುಡುಗೋಲಿನಿಂದ ಕೊಯ್ದು, ಕ್ಲಿಪ್ಪು ಹಾಕಿ ಬಿಗಿದು ಕೆಲಸಕ್ಕೆ ಹಚ್ಚಿದರೆ ಕೈ ಹೋದೀತು, ಪ್ರಾಣವೂ ಹೋದೀತು. ಈ ಹೋಸಿನ ಗುಣವನ್ನೂ, ಅದನ್ನು ಬದಲಾಯಿಸುವ ಸರಿಯಾದ ಕ್ರಮವನ್ನೂ ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಹೋಸಿನ ಒಳಗೆ ಏನಿದೆ?

ಹೋಸಿನಲ್ಲಿ ಮುಖ್ಯವಾಗಿ ಮೂರು ಪದರಗಳಿವೆ. ಒಳಗಿನದು ಎಣ್ಣೆಗೆ ಕರಗದ ಕೃತಕ ರಬ್ಬರಿನ ಕೊಳವೆ. ಹೊರಗಿನದು ಬಿಸಿಲು, ಕೆಸರು, ಉಜ್ಜುವಿಕೆಗಳಿಂದ ಕಾಪಾಡುವ ರಬ್ಬರಿನ ಹೊದಿಕೆ. ಇವೆರಡರ ನಡುವೆ ಉಕ್ಕಿನ ಸಣ್ಣ ತಂತಿಗಳನ್ನು ಜಡೆಯಂತೆ ಹೆಣೆದ ಕವಚವಿದೆ. ಒತ್ತಡವನ್ನು ತಡೆಯುವುದು ಈ ತಂತಿಜಡೆಯೇ. ರಬ್ಬರು ಎಣ್ಣೆಯನ್ನು ಸೋರದಂತೆ ಹಿಡಿದಿಡುತ್ತದೆ, ಅಷ್ಟೇ. ಕೆಲವು ಹೋಸುಗಳಲ್ಲಿ ಒಂದು ಜಡೆ, ಕೆಲವುಗಳಲ್ಲಿ ಒಂದರ ಮೇಲೊಂದು ಎರಡು ಜಡೆಗಳಿರುತ್ತವೆ.

ತಂತಿಗಳನ್ನು ಹೋಸಿನ ಉದ್ದಕ್ಕೆ ಸುಮಾರು 54 ಡಿಗ್ರಿ ಓರೆಯಾಗಿ ಹೆಣೆದಿರುತ್ತಾರೆ. ಈ ಓರೆಯಲ್ಲಿ ಹೆಣೆದರೆ ಒತ್ತಡ ಬಿದ್ದಾಗ ಹೋಸು ಹೆಚ್ಚು ಉಬ್ಬುವುದೂ ಇಲ್ಲ, ಹೆಚ್ಚು ಎಳೆದುಕೊಳ್ಳುವುದೂ ಇಲ್ಲ. ಹೋಸನ್ನು ತಿರುಚಿದರೆ ಓರೆ ಕೆಡುತ್ತದೆ. ಭಾರವೆಲ್ಲ ಕೆಲವೇ ತಂತಿಗಳ ಮೇಲೆ ಬಿದ್ದು ಅವು ಬೇಗ ತುಂಡಾಗುತ್ತವೆ. ಹೊರಹೊದಿಕೆ ಸವೆದರೆ ನೀರು ಮತ್ತು ಗೊಬ್ಬರದ ಉಪ್ಪು ತಾಗಿ ತಂತಿ ತುಕ್ಕು ಹಿಡಿಯುತ್ತದೆ. ಆದುದರಿಂದ ತಂತಿ ಕಾಣುವ ಹೋಸು, ಉಬ್ಬಿದ ಹೋಸು, ತುದಿಯ ಲೋಹದ ಬಳೆಯ ಬಳಿ ಒದ್ದೆಯಾಗಿರುವ ಹೋಸು, ಇವು ಮೂರನ್ನೂ ಕಂಡ ದಿನವೇ ಬದಲಾಯಿಸಬೇಕು.

ಒತ್ತಡ ಎಷ್ಟು?

ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಒತ್ತಡ ಬಹಳಷ್ಟು ಯಂತ್ರಗಳಲ್ಲಿ 150ರಿಂದ 200 ಬಾರ್ ವರೆಗೆ ಏರುತ್ತದೆ. ಅರ್ಧ ಇಂಚು ಒಳ ಅಳತೆಯ ಹೋಸಿನಲ್ಲಿ 175 ಬಾರ್ ಒತ್ತಡವಿದ್ದರೆ ಅದರ ತುದಿಯ ಫಿಟಿಂಗನ್ನು ಹೊರಕ್ಕೆ ತಳ್ಳುವ ಬಲ ಸುಮಾರು 225 ಕಿಲೋ ಭಾರದಷ್ಟು. ಎರಡು ಕ್ವಿಂಟಲ್ ಮೀರಿದ ಈ ಬಲವನ್ನು ರೇಡಿಯೇಟರ್ ಪೈಪಿಗೆ ಹಾಕುವ ಕ್ಲಿಪ್ಪು ತಡೆಯಲಾರದು. ಕ್ಲಿಪ್ಪೇನಿದ್ದರೂ ನೀರಿನ ಪೈಪು, ಡೀಸೆಲ್ ಟ್ಯಾಂಕಿನ ಪೈಪುಗಳಂತಹ ಕಡಿಮೆ ಒತ್ತಡದ ಕಡೆಗೆ ಮಾತ್ರ.

ಹೊಸ ಹೋಸು ಕೊಳ್ಳುವಾಗ ಮೇಲೆ ಅಚ್ಚು ಮಾಡಿದ ಬರಹವನ್ನು ಓದಿಸಿಕೊಳ್ಳಿ. ಯುರೋಪಿನ ಮಾನಕದಂತೆ ಅರ್ಧ ಇಂಚಿನ ಒಂದು ಜಡೆಯ ಹೋಸಿಗೆ ಕೆಲಸದ ಒತ್ತಡ 160 ಬಾರ್. ಎರಡು ಜಡೆಯದಕ್ಕೆ 275 ಬಾರ್. ನಿಮ್ಮ ಟ್ರ್ಯಾಕ್ಟರಿನ ಒತ್ತಡ 190 ಬಾರ್ ಇದ್ದರೆ ಒಂದು ಜಡೆಯದು ಸಾಲದು. ಅದು ಒಡನೆ ಒಡೆಯುವುದಿಲ್ಲ, ಏಕೆಂದರೆ ಹೊಸ ಹೋಸು ಕೆಲಸದ ಒತ್ತಡದ ನಾಲ್ಕರಷ್ಟನ್ನು ತಾಳುವಂತೆ ತಯಾರಾಗಿರುತ್ತದೆ. ಆದರೆ ದಿನಕ್ಕೆ ಹತ್ತು ಸಲ ಎತ್ತಿ ಇಳಿಸುವಾಗ ತಂತಿ ದಣಿದು, ಒಂದು ದಿನ ಹೇಳದೆ ಕೇಳದೆ ಹರಿಯುತ್ತದೆ. ಒತ್ತಡದ ಅಂಕಿ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುತ್ತದೆ. ಅಂಗಡಿಗೆ ಹೋಗುವಾಗ ಅದನ್ನು ಬರೆದುಕೊಂಡು ಹೋಗಿ.

ಬಿಚ್ಚುವ ಮುನ್ನ

ಟ್ರೇಲರನ್ನು ಪೂರ್ತಿ ಕೆಳಗಿಳಿಸಿ. ಎಂಜಿನ್ ನಿಲ್ಲಿಸಿ. ಆಮೇಲೆ ಹೈಡ್ರಾಲಿಕ್ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ನಾಲ್ಕಾರು ಸಲ ಆಡಿಸಿ. ಒಳಗೆ ಉಳಿದ ಒತ್ತಡ ಇಳಿಯುತ್ತದೆ. ಎಣ್ಣೆ ಬಿಸಿಯಾಗಿದ್ದರೆ ಆರಲು ಬಿಡಿ. ಎತ್ತಿದ ಟ್ರೇಲರಿನ ಕೆಳಗೆ ನಿಂತು ಹೋಸನ್ನು ಮುಟ್ಟಲೇಕೂಡದು. ಹೋಸು ಬಿಚ್ಚಿದ ಅಥವಾ ಒಡೆದ ಕ್ಷಣದಲ್ಲಿ ಟ್ರೇಲರು ಕೆಳಗೆ ಬೀಳುತ್ತದೆ; ಓಡಲು ಸಮಯ ಸಿಗುವುದಿಲ್ಲ. ಎತ್ತಿದ ಸ್ಥಿತಿಯಲ್ಲೇ ಕೆಳಗೆ ಹೋಗಬೇಕಾದ ಕೆಲಸವಿದ್ದರೆ ಖಾಲಿ ಟ್ರೇಲರಿಗೆ ಗಟ್ಟಿಯಾದ ಉಕ್ಕಿನ ಊರೆ ಕೊಟ್ಟ ಮೇಲೆಯೇ ಹೋಗಬೇಕು. ಜಾಕನ್ನು ನಂಬಿ ಹೋಗಬಾರದು.

ಅಳತೆ ತೆಗೆಯುವುದು

ಹಳೆಯ ಹೋಸನ್ನೇ ಅಳತೆಯಾಗಿ ಕೊಂಡೊಯ್ಯುವುದು ವಾಡಿಕೆ. ಆದರೆ ಅದು ಗಿಡ್ಡವಾಗಿದ್ದುದರಿಂದಲೇ ಕೆಟ್ಟಿತೋ ಏನೋ ಎಂಬುದನ್ನು ಮೊದಲು ನೋಡಿ. ಟ್ರ್ಯಾಕ್ಟರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಲ್ಲಿಸಿ, ಎರಡು ಕಡೆಯೂ ಒಂದು ಹಗ್ಗದಿಂದ ಅಳೆಯಿರಿ. ಒತ್ತಡ ಬಿದ್ದಾಗ ಒಂದು ಮೀಟರ್ ಹೋಸು 4 ಸೆಂಟಿಮೀಟರಿನವರೆಗೆ ಗಿಡ್ಡವಾಗಬಹುದು. ಅದಕ್ಕೂ ಸಡಿಲ ಬಿಡಬೇಕು. ಹಾಗೆಂದು ನೆಲಕ್ಕೆ ಎಳೆದಾಡುವಷ್ಟು ಉದ್ದವೂ ಬೇಡ.

ಬಾಗು ಕೂಡ ಮುಖ್ಯ. ಅರ್ಧ ಇಂಚಿನ ಹೋಸನ್ನು 18 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಾಗಿಸಬಾರದು. ಅಂದರೆ ಬಾಗಿದ ಸುತ್ತು ಒಂದು ದೊಡ್ಡ ಬಕೆಟ್ಟಿನ ಬಾಯಿಗಿಂತ ಅಗಲವಾಗಿರಬೇಕು.

ಕತ್ತರಿಸುವ ಕ್ರಮ

ನೂಲಿನ ಹಗ್ಗವನ್ನು ಕತ್ತರಿಸುವಾಗ ನಮ್ಮ ಹಿರಿಯರು ಎರಡು ಕಡೆ ದಾರ ಸುತ್ತಿ ಬಿಗಿದು, ನಡುವೆ ಕೊಯ್ಯುತ್ತಿದ್ದರು. ಇಲ್ಲವಾದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ತಂತಿಜಡೆಗೂ ಇದೇ ನಿಯಮ.

1. ಕತ್ತರಿಸುವ ಜಾಗಕ್ಕೆ ಗಟ್ಟಿ ಟೇಪನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಟೇಪಿನ ನಡುಮಧ್ಯದಲ್ಲಿ ಗುರುತು ಹಾಕಿ.

2. ಹೋಸನ್ನು ಅಲ್ಲಾಡದಂತೆ ಹಿಡಿಯಿರಿ. ವೈಸಿನಲ್ಲಿ ಹಿಡಿಯುವುದಾದರೆ ಚಪ್ಪಟೆಯಾಗದಂತೆ ಎರಡು ಕಡೆ ಮರದ ತುಂಡು ಕೊಡಿ.

3. ಕಟಿಂಗ್ ವೀಲಿನ ಯಂತ್ರವಿದ್ದರೆ ಉತ್ತಮ. ಇಲ್ಲದಿದ್ದರೆ ಇಂಚಿಗೆ 32 ಹಲ್ಲಿರುವ ಹೊಸ ಹ್ಯಾಕ್ಸಾ ಬ್ಲೇಡನ್ನು ಬಳಸಿ. ದೊಡ್ಡ ಹಲ್ಲಿನ ಬ್ಲೇಡು ತಂತಿಯನ್ನು ಕತ್ತರಿಸದೆ ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

4. ಕೊಯ್ತ ನೆಟ್ಟಗಿರಬೇಕು. ಓರೆಯಾಗಿ ಕೊಯ್ದರೆ ಫಿಟಿಂಗಿನ ತಳಕ್ಕೆ ಒಂದು ಬದಿ ಮುಟ್ಟುತ್ತದೆ, ಇನ್ನೊಂದು ಬದಿ ಮುಟ್ಟುವುದಿಲ್ಲ, ಹಿಡಿತ ಅರ್ಧವಾಗುತ್ತದೆ.

5. ಕೊಯ್ದ ಮೇಲೆ ಒಳಗಿನ ರಬ್ಬರ್ ಪುಡಿ, ತಂತಿಯ ಚೂರುಗಳನ್ನು ಸೀಮೆಎಣ್ಣೆ ಅಥವಾ ಡೀಸೆಲಿನಿಂದ ತೊಳೆದು, ಗಾಳಿ ಊದಿ ಹೊರಹಾಕಿ. ಒಂದು ಚೂರು ಒಳಗುಳಿದರೂ ಅದು ವಾಲ್ವಿಗೆ ಹೋಗಿ ಕೂರುತ್ತದೆ. ಹೋಸಿನ ಬೆಲೆಗಿಂತ ಆ ರಿಪೇರಿಯ ಖರ್ಚೇ ಹೆಚ್ಚಾಗುತ್ತದೆ. ತೊಳೆದ ತುದಿಗಳಿಗೆ ಮುಚ್ಚಳ ಹಾಕಿಡಿ.

ಕೊಯ್ದ ತುದಿಯ ಮೇಲೆ ಬರಿಗೈ ಆಡಿಸಬೇಡಿ. ತಂತಿಯ ಮೊನೆ ಸೂಜಿಯಂತೆ ಚುಚ್ಚುತ್ತದೆ.

ತುದಿಗೆ ಫಿಟಿಂಗು ಕೂಡಿಸುವುದು

ಫಿಟಿಂಗುಗಳಲ್ಲಿ ಎರಡು ಬಗೆ. ಮೊದಲನೆಯದು ಯಂತ್ರದಿಂದ ಅದುಮಿ ಕೂಡಿಸುವಂಥದು. ಇದಕ್ಕೆ ಪಟ್ಟಣದಲ್ಲಿ ಹೋಸು ಪ್ರೆಸ್ ಮಾಡುವ ಅಂಗಡಿಗೇ ಹೋಗಬೇಕು. ಸುತ್ತಿಗೆಯಿಂದ ಬಡಿದು ಕೂಡಿಸುವುದು ಕೆಲಸವಲ್ಲ. ಅಂಗಡಿಯಲ್ಲಿ ನೀವು ನೋಡಬೇಕಾದ್ದು ಇಷ್ಟು: ಫಿಟಿಂಗು ಎಷ್ಟು ಒಳಹೋಗಬೇಕೋ ಅಷ್ಟಕ್ಕೆ ಹೋಸಿನ ಮೇಲೆ ಗುರುತು ಹಾಕಿದರೇ? ಗುರುತಿನವರೆಗೆ ಹೋಯಿತೇ? ಅದುಮಿದ ಮೇಲೆ ಬಳೆಯ ಅಳತೆಯನ್ನು ಕ್ಯಾಲಿಪರಿನಿಂದ ನೋಡಿದರೇ? ಹಳೆಯ ಹೋಸಿನಿಂದ ಕಿತ್ತ ಬಳೆಯನ್ನು ಮತ್ತೆ ಹಾಕುತ್ತೇವೆ ಎಂದರೆ ಬೇಡವೆನ್ನಿ. ಒಮ್ಮೆ ಅದುಮಿದ ಬಳೆ ಎರಡನೆಯ ಸಲ ಹಿಡಿಯುವುದಿಲ್ಲ.

ಎರಡನೆಯದು ಸ್ಪಾನರಿನಿಂದಲೇ ಕೂಡಿಸಬಹುದಾದ ಮರುಬಳಕೆಯ ಫಿಟಿಂಗು. ಇದರ ಹೊರ ಸಾಕೆಟ್ಟಿನೊಳಗೆ ಎಡಮರೆಯಿದೆ. ಸಾಕೆಟ್ಟನ್ನು ವೈಸಿನಲ್ಲಿ ಹಿಡಿದು, ಹೋಸನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸುತ್ತ ತಳ ಮುಟ್ಟುವವರೆಗೆ ಹೊಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಡಬೇಕು. ಆಮೇಲೆ ನಿಪ್ಪಲ್ಲಿಗೂ ಹೋಸಿನ ಒಳಕ್ಕೂ ಎಣ್ಣೆ ಸವರಿ, ನಿಪ್ಪಲ್ಲನ್ನು ಬಲಕ್ಕೆ ತಿರುಗಿಸಿ ಬಿಗಿಯಬೇಕು. ಆ ಹೋಸಿಗೆಂದೇ ಮಾಡಿದ ಫಿಟಿಂಗಾದರೆ ಮಾತ್ರ ಈ ಕೆಲಸ. ಸಿಕ್ಕಿದ್ದಕ್ಕೆ ಸಿಕ್ಕಿದ್ದನ್ನು ಹೊಂದಿಸಬಾರದು.

ಟ್ರ್ಯಾಕ್ಟರಿಗೆ ಜೋಡಿಸುವುದು

ಹೋಸಿನ ಉದ್ದಕ್ಕೂ ಅಚ್ಚಾದ ಗೆರೆ ನೆಟ್ಟಗಿದ್ದರೆ ಹೋಸು ತಿರುಚಿಲ್ಲವೆಂದು ಅರ್ಥ. ಗೆರೆ ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಿ. ಬಿಗಿಯುವಾಗ ಒಂದು ಸ್ಪಾನರಿನಿಂದ ಹೋಸಿನ ತುದಿಯನ್ನು ಹಿಡಿದು, ಇನ್ನೊಂದರಿಂದ ನಟ್ಟನ್ನು ತಿರುಗಿಸಿ. ಕೋನ್ ಆಕಾರದ ಮುಖವಿರುವ ಫಿಟಿಂಗಿಗೆ ಟೆಫ್ಲಾನ್ ಟೇಪು ಸುತ್ತಬೇಡಿ. ಎಣ್ಣೆಯನ್ನು ತಡೆಯುವುದು ಆ ಮುಖವೇ ಹೊರತು ಮರೆಯಲ್ಲ. ಟೇಪಿನ ಚೂರು ಹರಿದು ಎಣ್ಣೆಯೊಳಗೆ ಸೇರುತ್ತದೆ. ಹೋಸು ಟೈರಿಗೂ ಸೈಲೆನ್ಸರಿಗೂ ತಾಗಬಾರದು.

ಮೊದಲ ಸಲ ಎತ್ತುವಾಗ ಟ್ರೇಲರು ಖಾಲಿಯಿರಲಿ, ಎಂಜಿನ್ ನಿಧಾನ ಓಡಲಿ, ಹತ್ತಿರ ಯಾರೂ ನಿಲ್ಲದಿರಲಿ. ಸ್ವಲ್ಪ ಎತ್ತಿ, ಇಳಿಸಿ. ಹೀಗೆ ಕೆಲವು ಸಲ ಮಾಡಿದರೆ ಒಳಗಿನ ಗಾಳಿ ಹೋಗುತ್ತದೆ. ಆಮೇಲೆ ಎಣ್ಣೆಯ ಮಟ್ಟ ನೋಡಿ.

ಸೋರಿಕೆಯನ್ನು ಕೈಯಿಂದ ಹುಡುಕಬೇಡಿ

ಈ ಪಾಠದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಹೊರಡುವ ಎಣ್ಣೆಯ ಎಳೆ ಕಣ್ಣಿಗೆ ಕಾಣದಿರಬಹುದು. ಅದು ಚರ್ಮವನ್ನು ತೂರಿ ಕೈಯೊಳಗೆ ಹೋಗುತ್ತದೆ. ಡೀಸೆಲ್ ಎಂಜಿನಿನ ಎಣ್ಣೆ ಹೀಗೆ ದೇಹ ಹೊಕ್ಕ ಪ್ರಕರಣ 1937ರಲ್ಲಿಯೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ವರದಿಯಾಗಿದೆ. ಮೊದಲು ಕಾಣುವುದು ಮುಳ್ಳು ಚುಚ್ಚಿದಷ್ಟು ಗುರುತು ಮಾತ್ರ. ನೋವೂ ಹೆಚ್ಚಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಕೈ ಊದಿ, ಮಾಂಸ ಸಾಯತೊಡಗುತ್ತದೆ. ತಡಮಾಡಿದವರು ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವ ಬಹಳ.

ಹಾವು ಕಚ್ಚಿದಾಗ ಹೇಗೆ ಕಾಯುವುದಿಲ್ಲವೋ ಹಾಗೆಯೇ ಇಲ್ಲಿಯೂ ಕಾಯಬಾರದು. ಅರಿಶಿನ ಹಚ್ಚುವುದು, ಹಿಂಡುವುದು, ಬಿಸಿ ಶಾಖ ಕೊಡುವುದು ಬೇಡ. 108ಕ್ಕೆ ಕರೆ ಮಾಡಿ, ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಿ. “ಒತ್ತಡದ ಎಣ್ಣೆ ಕೈಯೊಳಗೆ ಹೊಕ್ಕಿದೆ” ಎಂದು ಸ್ಪಷ್ಟವಾಗಿ ಹೇಳಿ. ಗಾಯ ಸಣ್ಣದೆಂದು ಯಾರೂ ಕಡೆಗಣಿಸದಿರಲಿ.

ಸೋರಿಕೆ ಎಲ್ಲಿದೆಯೆಂದು ನೋಡಲು ಉದ್ದ ಕೋಲಿನ ತುದಿಗೆ ಒಂದು ರಟ್ಟು ಕಟ್ಟಿ, ದೂರದಿಂದ ಹೋಸಿನ ಬಳಿ ಆಡಿಸಿ. ಎಣ್ಣೆಯ ಕಲೆ ರಟ್ಟಿನ ಮೇಲೆ ಬೀಳುತ್ತದೆ. ಸೋರುವ ನಟ್ಟನ್ನು ಒತ್ತಡವಿರುವಾಗ ಬಿಗಿಯಬೇಡಿ. ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಆಮೇಲೆ ಬಿಗಿಯಿರಿ.

ಕಾರು, ಜೀಪು ಉಳ್ಳವರಿಗೆ

ಕೆಲವು ಕಾರುಗಳ ಎಣ್ಣೆ ಮತ್ತು ಪೆಟ್ರೋಲಿನ ಪೈಪುಗಳಿಗೆ ತಂತಿಜಡೆ ಹೊರಗಡೆಯೇ ಹೊಳೆಯುತ್ತಿರುತ್ತದೆ. ಕತ್ತರಿಸುವ ಕ್ರಮ ಮೇಲೆ ಹೇಳಿದಂತೆಯೇ. ಟೇಪು ಸುತ್ತದೆ ಕೊಯ್ದರೆ ತಂತಿ ಪೊರಕೆಯಂತೆ ಬಿಚ್ಚಿಕೊಂಡು ಸಾಕೆಟ್ಟಿನೊಳಗೆ ಹೋಗುವುದೇ ಇಲ್ಲ. ಆದರೆ ಬ್ರೇಕಿನ ಹೋಸನ್ನು ಕತ್ತರಿಸಿ ಕೂಡಿಸುವ ಕೆಲಸಕ್ಕೆ ಮನೆಯಲ್ಲಾಗಲಿ ಬೀದಿಯ ಗ್ಯಾರೇಜಿನಲ್ಲಾಗಲಿ ಕೈ ಹಾಕಬೇಡಿ. ಆ ವಾಹನಕ್ಕೆಂದೇ ತಯಾರಾದ ಪೂರ್ಣ ಹೋಸನ್ನೇ ಕೊಂಡು ಹಾಕಿಸಿ.

ಸಂಜೆಯ ಚರ್ಚೆಗೆ ಪ್ರಶ್ನೆಗಳು

1. ಹೋಸಿನಲ್ಲಿ ಒತ್ತಡವನ್ನು ತಡೆಯುವುದು ರಬ್ಬರೋ ತಂತಿಯೋ?

2. ನಿಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಒತ್ತಡ ಎಷ್ಟು? ನಿಮ್ಮ ಹೋಸಿನ ಮೇಲೆ ಏನು ಬರೆದಿದೆ?

3. ಟೇಪು ಸುತ್ತಿ ಕತ್ತರಿಸಬೇಕು ಏಕೆ?

4. ಎಣ್ಣೆ ಕೈಗೆ ಹೊಕ್ಕರೆ ನಿಮ್ಮ ಊರಿನಿಂದ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ? ಅದನ್ನು ಇಂದೇ ವಿಚಾರಿಸಿಟ್ಟುಕೊಳ್ಳಿ.