ಮಾತ್ರೆ ಮುಗಿಸಿದರೂ ಕಾರ್ಡಿನಲ್ಲಿ ಎರಡು ಗೆರೆ

ಪ್ರಶ್ನೆ: ನನಗೆ 34 ವರ್ಷ. ಕಳೆದ ವರ್ಷ ನಮ್ಮೂರಿನಲ್ಲಿ ರಾತ್ರಿ ರಕ್ತಪರೀಕ್ಷೆ ಮಾಡಿದಾಗ ಆನೆಕಾಲು ರೋಗದ ಹುಳು ಇದೆ ಎಂದರು. 12 ದಿನ ಡಿಇಸಿ ಮಾತ್ರೆ ತಪ್ಪದೆ ನುಂಗಿದೆ. ಎಂಟು ತಿಂಗಳ ಮೇಲೆ ಕಾರ್ಡ್ ಟೆಸ್ಟ್ ಮಾಡಿಸಿದರೆ ಮತ್ತೆ ಪಾಸಿಟಿವ್. ಔಷಧ ನಾಟಲಿಲ್ಲವೇ? ಮಕ್ಕಳಿಗೆ ಹರಡೀತೇ?
— ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಗಾಬರಿಯಾಗಬೇಡಿ. ಈ ಒಂದು ಕಾರ್ಡ್ ನೋಡಿ ಔಷಧ ಸೋತಿತು ಎನ್ನಲಾಗದು. ನೀವು ಮಾಡಿಸಿದ ಎರಡು ಪರೀಕ್ಷೆಗಳು ಹುಡುಕುವುದು ಬೇರೆ ಬೇರೆ ವಸ್ತುವನ್ನು.

ಬೆಳೆದ ಹುಳುಗಳು ನೂಲಿನೆಳೆಯಂತೆ ದುಗ್ಧನಾಳಗಳಲ್ಲಿ ಸುತ್ತಿಕೊಂಡು ವರ್ಷಗಟ್ಟಲೆ ಬದುಕುತ್ತವೆ. ಅವುಗಳ ಮರಿಗಳೇ ಮೈಕ್ರೋಫೈಲೇರಿಯಾ. ಇವು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ, ರಾತ್ರಿ ಹತ್ತರಿಂದ ಎರಡರ ನಡುವೆ, ಚರ್ಮದ ರಕ್ತಕ್ಕೆ ಬರುತ್ತವೆ. ಆರೋಗ್ಯ ಕಾರ್ಯಕರ್ತರು ನಿದ್ದೆಗೆಡಿಸಿ ಬೆರಳು ಚುಚ್ಚುವುದು ಅದಕ್ಕೇ. ಆ ಹಸಿ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದೇನೆ: ಮರಿ ಚಾಟಿಯಂತೆ ಹೊರಳುತ್ತ ಕೆಂಪು ಕಣಗಳನ್ನು ಅತ್ತಿತ್ತ ತಳ್ಳುತ್ತಿರುತ್ತದೆ. ಒಮ್ಮೆ ಕಂಡವರಿಗೆ ಮಾತ್ರೆ ನುಂಗಿ ಎಂದು ಮತ್ತೆ ಹೇಳಬೇಕಿಲ್ಲ.

ಕಾರ್ಡ್ ಹುಡುಕುವುದು ಮರಿಯನ್ನಲ್ಲ. ಬೆಳೆದ ಹುಳು ರಕ್ತಕ್ಕೆ ಬಿಡುವ ಪ್ರೋಟೀನನ್ನು, ಅಂದರೆ ಪ್ರತಿಜನಕವನ್ನು. ಅದು ಹಗಲು ರಾತ್ರಿ ರಕ್ತದಲ್ಲಿರುವುದರಿಂದ ಯಾವ ಹೊತ್ತಿನಲ್ಲಾದರೂ ಪರೀಕ್ಷಿಸಬಹುದು. ಡಿಇಸಿ ಮರಿಗಳನ್ನು ಬೇಗ ಕೊಲ್ಲುತ್ತದೆ. ಬೆಳೆದ ಹುಳುಗಳಲ್ಲಿ ಕೆಲವು ಮಾತ್ರ ಸಾಯುತ್ತವೆ. ಸತ್ತ ಮೇಲೂ ಪ್ರತಿಜನಕ ಕರಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಎಂಟು ತಿಂಗಳಿಗೆ ಪಾಸಿಟಿವ್ ಬರುವುದು ಸಾಮಾನ್ಯ. ಇನ್ನೊಂದು ಮಾತು: ಕಾರ್ಡ್ ಟೆಸ್ಟಿನ ಈಗಿನ ಸ್ಟ್ರಿಪ್‌ಗಳನ್ನು ಸರಿಯಾಗಿ ಹತ್ತನೇ ನಿಮಿಷಕ್ಕೆ ಓದಬೇಕು. ತಡವಾಗಿ ನೋಡಿದರೆ ಇಲ್ಲದ ಗೆರೆಯೂ ಮೂಡಬಹುದು.

ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ರಾತ್ರಿ ರಕ್ತಪರೀಕ್ಷೆ ಮತ್ತೊಮ್ಮೆ ಮಾಡಿಸಿ. ನಿಮ್ಮ ಮಟ್ಟಿಗೆ ಚಿಕಿತ್ಸೆಯ ಅಳತೆಗೋಲು ಅದೇ. ಮರಿಗಳು ಕಾಣದಿದ್ದರೆ ನಿಮ್ಮ ರಕ್ತ ಕುಡಿದ ಸೊಳ್ಳೆ ರೋಗ ಹೊತ್ತೊಯ್ಯುವ ಸಂಭವ ತೀರಾ ಕಡಿಮೆ. ಮಕ್ಕಳನ್ನು ಮುಟ್ಟುವುದರಿಂದ, ಒಟ್ಟಿಗೆ ಉಣ್ಣುವುದರಿಂದ ಇದು ಹರಡುವುದೇ ಇಲ್ಲ. ಮರಿಗಳು ಕಂಡರೆ ಇನ್ನೊಂದು ಸುತ್ತು ಔಷಧ ಬೇಕು. ಕೆಲವರಿಗೆ ವೈದ್ಯರು ಡಾಕ್ಸಿಸೈಕ್ಲಿನ್ ಅನ್ನು ನಾಲ್ಕರಿಂದ ಆರು ವಾರ ಕೊಡುತ್ತಾರೆ. ಅದು ಹುಳುವಿನೊಳಗಿನ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಕೊಂದು ಹುಳುವನ್ನು ಬಂಜೆಯಾಗಿಸುತ್ತದೆ. ಗಂಡಸರಲ್ಲಿ ವೃಷಣಚೀಲದ ಅಲ್ಟ್ರಾಸೌಂಡ್ ಮಾಡಿದರೆ ಜೀವಂತ ಹುಳುಗಳ ಕುಣಿತ ಪರದೆಯ ಮೇಲೆಯೇ ಕಾಣಬಹುದು.

ಪ್ರಶ್ನೆ: ಅಮ್ಮನ ಎಡಗಾಲು ಇಪ್ಪತ್ತು ವರ್ಷದಿಂದ ದಪ್ಪ. ರಾತ್ರಿ ರಕ್ತಪರೀಕ್ಷೆ, ಕಾರ್ಡ್ ಟೆಸ್ಟ್ ಎರಡರಲ್ಲೂ ಏನೂ ಇಲ್ಲವಂತೆ. ಹಾಗಾದರೆ ಇದು ಆನೆಕಾಲು ಅಲ್ಲವೇ?
— ಓದುಗರು, ಉಡುಪಿ

ಉತ್ತರ: ಆಗಿರಬಹುದು. ಹುಳು ಎಂದೋ ಸತ್ತು, ಅದು ಹಾಳುಮಾಡಿದ ನಾಳಗಳು ಮಾತ್ರ ಉಳಿದಿರುತ್ತವೆ. ಕಾಲು ಬಾತಿದ ಬಹುಪಾಲು ಜನರ ರಕ್ತದಲ್ಲಿ ಮರಿಗಳಿರುವುದಿಲ್ಲ. ಬೇರೆ ಕಾರಣಗಳಿವೆಯೇ ಎಂದು ವೈದ್ಯರು ಒಮ್ಮೆ ನೋಡಲಿ. ಆನೆಕಾಲೇ ಎಂದಾದರೆ ಮುಂದೆ ರಕ್ತದ ರಿಪೋರ್ಟಿಗಿಂತ ಅಮ್ಮನ ಕಾಲನ್ನೇ ನೋಡಿ. ದಿನವೂ ಸೋಪು, ನೀರಿನಿಂದ ತೊಳೆದು, ಬೆರಳ ಸಂದುಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಬಿರುಕು, ಬೂಷ್ಟು ಕಂಡರೆ ಮುಲಾಮು ಹಚ್ಚಿ. ರಾತ್ರಿ ಕಾಲಡಿ ದಿಂಬಿರಲಿ. ಚಳಿಜ್ವರದೊಂದಿಗೆ ಕಾಲು ಕೆಂಪಾಗಿ ನೋಯುವ ದಾಳಿ ವರ್ಷಕ್ಕೆ ಎಷ್ಟು ಬಾರಿ ಬಂತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಂದಿನ ಭೇಟಿಗೆ ಅದನ್ನು ತನ್ನಿ.