ಗಿಟಾರಿನ ಧ್ವನಿವರ್ಧಕದಲ್ಲಿರುವ ನಾದದ ಗುಂಡಿಗಳು

ವಿದ್ಯುತ್ ಗಿಟಾರ್ ಎಂಬ ವಾದ್ಯವು ಇಂದು ನಮ್ಮ ದೇವಾಲದಂತಹ ಮಲೆಯೂರುಗಳಿಗೂ ಹೊಸತಲ್ಲ. ಭಜನೆಯಲ್ಲಿ, ಚರ್ಚಿನ ಗಾಯನದಲ್ಲಿ, ಶಾಲೆಯ ಉತ್ಸವದಲ್ಲಿ ಅದನ್ನು ನುಡಿಸುವವರನ್ನು ಎಲ್ಲರೂ ಕಂಡಿರಬಹುದು. ಆ ವಾದ್ಯದ ಪಕ್ಕದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದೇ ಧ್ವನಿವರ್ಧಕ, ಅಂದರೆ ಆಂಪ್ಲಿಫೈಯರ್. ಅದರ ಮುಖದ ಮೇಲೆ ಸದ್ದನ್ನು ಏರಿಸಿ ಇಳಿಸುವ ಗುಂಡಿಯಲ್ಲದೆ ಬೇಸ್, ಮಿಡಲ್, ಟ್ರೆಬಲ್ ಎಂಬ ಹೆಸರಿನ ಬೇರೆ ಮೂರು ಗುಂಡಿಗಳಿರುವುದುಂಟು. ನಮ್ಮ ಸಂಗೀತದ ಮಾತಿನಲ್ಲಿ ಇವನ್ನು ಸ್ಥೂಲವಾಗಿ ಮಂದ್ರ, ಮಧ್ಯ, ತಾರ ಎನ್ನಬಹುದು. ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಯಂತ್ರವು ಆ ಬಗೆಯ ನಾದವನ್ನು ಹೊಸದಾಗಿ ಸುರಿಯುತ್ತದೆಂದು ಬಹುಮಂದಿ ತಿಳಿದಿದ್ದಾರೆ. ನಿಜಸಂಗತಿ ಇದಕ್ಕೆ ವಿರುದ್ಧವಾದುದು. ಗಿಟಾರಿಗೆಂದು ಮಾಡಿದ ಬಹುಪಾಲು ಯಂತ್ರಗಳಲ್ಲಿ ಈ ಗುಂಡಿಗಳು ಏನನ್ನೂ ಕೂಡಿಸುವುದಿಲ್ಲ; ಕಳೆಯುತ್ತವೆ, ಇಲ್ಲವೆ ಕಳೆಯದೆ ಬಿಡುತ್ತವೆ. ಇದು ಹೇಗೆಂಬುದನ್ನೂ, ಇದನ್ನು ತಿಳಿಯುವುದರಿಂದ ನಮಗೇನು ಪ್ರಯೋಜನವೆಂಬುದನ್ನೂ ಇಲ್ಲಿ ವಿಚಾರಿಸೋಣ.

ಮೊದಲು ನಾದದ ಸ್ವರೂಪವನ್ನು ನೋಡೋಣ. ಗಿಟಾರಿನ ಅತಿ ದಪ್ಪನೆಯ ತಂತಿಯನ್ನು ಸಾಮಾನ್ಯ ಶ್ರುತಿಯಲ್ಲಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಾರಿ ಕಂಪಿಸುತ್ತದೆ. ಅತಿ ತೆಳುವಾದ ತಂತಿ ಸುಮಾರು 330 ಸಾರಿ ಕಂಪಿಸುತ್ತದೆ. ಆದರೆ ಯಾವ ತಂತಿಯೂ ಒಂದೇ ಕಂಪನವನ್ನು ಕೊಡುವುದಿಲ್ಲ. ಮೂಲಕಂಪನದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೂ ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ ಜೀವದ ನೂಲನ್ನು ಸರಿಯಾಗಿ ಇಟ್ಟಾಗ ಕೇಳಿಬರುವ ಝೇಂಕಾರವು ಈ ಉಪಸ್ವರಗಳ ಸಮೂಹವೇ. ವೀಣೆಗೂ ಗಿಟಾರಿಗೂ ಒಂದೇ ಸ್ವರವನ್ನು ನುಡಿಸಿದರೂ ನಮ್ಮ ಕಿವಿ ಅವೆರಡನ್ನು ಬೇರೆಬೇರೆಯೆಂದು ಗುರುತಿಸುವುದು ಬಹುಮಟ್ಟಿಗೆ ಉಪಸ್ವರಗಳ ಪ್ರಮಾಣದಿಂದ. ಈ ಪ್ರಮಾಣವನ್ನು ಬದಲಿಸಿದರೆ ನಾದದ ಬಣ್ಣ ಬದಲಾಗುತ್ತದೆ. ಗುಂಡಿಗಳ ಕೆಲಸ ಇಷ್ಟೇ.

ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸುತ್ತಿದ ತಾಮ್ರದ ಸಣ್ಣ ತಂತಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ಅದೇ ಲಯದ ಅಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಮಂದ್ರ, ಮಧ್ಯ, ತಾರಗಳೆಲ್ಲವೂ ಬೆರೆತಿರುವ ಈ ವಿದ್ಯುತ್ತನ್ನು ಬೇರ್ಪಡಿಸುವ ಸಾಧನವೇ ಧಾರಕ, ಅಂದರೆ ಕೆಪಾಸಿಟರ್.

ಚಹಾ ಕಾರ್ಖಾನೆಯ ಜರಡಿಗಳನ್ನು ನಮ್ಮ ಭಾಗದ ಮಕ್ಕಳು ಬಲ್ಲರು. ಒಣಗಿದ ಚಹಾ ಅದುರುವ ಜರಡಿಗಳ ಮೇಲೆ ಸಾಗುವಾಗ ಪುಡಿ ಕೆಳಗಿಳಿಯುತ್ತದೆ, ದಪ್ಪ ಎಲೆ ಮೇಲುಳಿಯುತ್ತದೆ. ಜರಡಿಯು ಒಂದು ಹಿಡಿ ಚಹಾವನ್ನೂ ಹೊಸದಾಗಿ ಉಂಟುಮಾಡದು, ಇರುವುದನ್ನು ಬೇರ್ಪಡಿಸುತ್ತದೆ. ಧಾರಕವು ವಿದ್ಯುತ್ತಿನ ಜರಡಿ. ವೇಗವಾದ ಕಂಪನಕ್ಕೆ ಅದು ಸುಲಭವಾಗಿ ದಾರಿಬಿಡುತ್ತದೆ. ನಿಧಾನವಾದ ಕಂಪನವನ್ನು ಬಲವಾಗಿ ತಡೆಯುತ್ತದೆ. ಜರಡಿಯ ಕಣ್ಣುಗಳಂತೆ ಇಲ್ಲಿ ಧಾರಕದ ಗಾತ್ರವು ಗಡಿಯನ್ನು ನಿರ್ಣಯಿಸುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಇಂತಹ ಯಂತ್ರಗಳಲ್ಲಿ ಟ್ರೆಬಲ್ ಗುಂಡಿಗೆ ಜೋಡಿಸುವ ಧಾರಕದ ಅಳತೆ ಹಲವೆಡೆ 250 ಪಿಕೋಫ್ಯಾರಡ್. ಸೆಕೆಂಡಿಗೆ 82 ಕಂಪನದ ಮಂದ್ರನಾದಕ್ಕೆ ಅದು ಒಡ್ಡುವ ತಡೆ ಸುಮಾರು 78 ಲಕ್ಷ ಓಮ್. ಸೆಕೆಂಡಿಗೆ 5,000 ಕಂಪನದ ತಾರನಾದಕ್ಕಾದರೋ ಸುಮಾರು 1 ಲಕ್ಷ 27 ಸಾವಿರ ಓಮ್ ಮಾತ್ರ. ಕಂಪನವು 61 ಪಾಲು ಹೆಚ್ಚಿದಾಗ ತಡೆಯು ಅಷ್ಟೇ ಪಾಲು ತಗ್ಗಿತು. ಮೇಲಿನ ತರಗತಿಯ ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು: ಕಂಪನಸಂಖ್ಯೆಯನ್ನು ಧಾರಕದ ಅಳತೆಯಿಂದಲೂ 6.28ರಿಂದಲೂ ಗುಣಿಸಿ, ಬಂದ ಮೊತ್ತದಿಂದ 1ನ್ನು ಭಾಗಿಸಬೇಕು.

ಇನ್ನು ಮೂರು ಗುಂಡಿಗಳ ಜೋಡಣೆ. ವಿದ್ಯುತ್ತಿಗೆ ಎರಡು ದಾರಿಗಳಿವೆ. ಒಂದು, ಮೇಲೆ ಹೇಳಿದ ಚಿಕ್ಕ ಧಾರಕದ ಮೂಲಕ ಹೋಗುವುದು. ಅಲ್ಲಿ ಮುಖ್ಯವಾಗಿ ತಾರನಾದವೇ ದಾಟುತ್ತದೆ. ಇನ್ನೊಂದು, ಒಂದು ರೋಧಕವನ್ನೂ ಅದರ ಮುಂದಿರುವ ದೊಡ್ಡ ಧಾರಕಗಳನ್ನೂ ಹಾದುಹೋಗುವುದು; ಮಂದ್ರನಾದಕ್ಕೆ ಇದೇ ದಾರಿ. ಟ್ರೆಬಲ್ ಗುಂಡಿಯು ಈ ಎರಡು ದಾರಿಗಳ ನಡುವೆ ಸರಿದಾಡುತ್ತ ಯಾವುದರಿಂದ ಎಷ್ಟು ಪಡೆಯಬೇಕೆಂಬುದನ್ನು ಗೊತ್ತುಮಾಡುತ್ತದೆ. ಬೇಸ್ ಗುಂಡಿಯನ್ನು ತಗ್ಗಿಸಿದರೆ ಮಂದ್ರನಾದವು ಗ್ರೌಂಡ್ ತಂತಿಯ ಕಡೆಗೆ ಸೋರಿಹೋಗುತ್ತದೆ. ಹೆಚ್ಚಿಸಿದರೆ ಸೋರುವುದು ನಿಲ್ಲುತ್ತದೆ. ಆ ಸೋರುವ ದಾರಿಯ ಕೊನೆಯ ಬಾಗಿಲಿನಲ್ಲಿ ನಿಂತಿರುವುದು ಮಿಡಲ್ ಗುಂಡಿ. ಹೀಗೆ ಮೂರೂ ಒಂದೇ ಜಾಲದಲ್ಲಿ ಕಟ್ಟಿಕೊಂಡಿರುವುದರಿಂದ ಒಂದನ್ನು ತಿರುಗಿಸಿದರೆ ಉಳಿದೆರಡರ ಪರಿಣಾಮವೂ ಸ್ವಲ್ಪ ಬದಲಾಗುತ್ತದೆ. ಈ ಜಾಲದಲ್ಲಿ ನಷ್ಟವಾದ ಬಲವನ್ನು ಮುಂದಿನ ವಾಲ್ವು ಅಥವಾ ಟ್ರಾನ್ಸಿಸ್ಟರು ತುಂಬಿಕೊಡುತ್ತದೆ.

ಇದಕ್ಕೆ ಪ್ರತ್ಯಕ್ಷ ಪ್ರಮಾಣವುಂಟು. ಈ ಬಗೆಯ ಯಂತ್ರದಲ್ಲಿ ಮೂರು ಗುಂಡಿಗಳನ್ನೂ ಸೊನ್ನೆಗೆ ಇಳಿಸಿದರೆ ಗಿಟಾರಿನ ಸದ್ದು ಬಹುತೇಕ ಅಡಗಿಹೋಗುತ್ತದೆ. ಗುಂಡಿಗಳು ಕೂಡಿಸುವಂಥವಾಗಿದ್ದರೆ ಸೊನ್ನೆಯಲ್ಲಿ ವಾದ್ಯದ ಸಹಜನಾದವಾದರೂ ಉಳಿಯಬೇಕಾಗಿತ್ತಲ್ಲವೇ? ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಮೂರನ್ನೂ ನಟ್ಟನಡುವೆ ನಿಲ್ಲಿಸಿದರೆ ನಾದವು ಸಮವಾಗುವುದಿಲ್ಲ. ಮಧ್ಯನಾದವು ತಗ್ಗಿಯೇ ಇರುತ್ತದೆ. ಬೇಸನ್ನೂ ಟ್ರೆಬಲನ್ನೂ ಚೆನ್ನಾಗಿ ಇಳಿಸಿ ಮಿಡಲನ್ನು ಪೂರ್ತಿ ಏರಿಸಿದಾಗಲೇ ಸಮತೆಗೆ ಹತ್ತಿರ ಬರುತ್ತದೆ.

ಇಂತಹ ಯಂತ್ರಗಳನ್ನು ಪ್ರಸಿದ್ಧಿಗೆ ತಂದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಪ್ರಮುಖರು. ಅವರು ಮೊದಲು ರೇಡಿಯೋ ರಿಪೇರಿಯ ಅಂಗಡಿಯನ್ನು ಇಟ್ಟಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ನುಡಿಸುವವರ ಮಾತನ್ನು ಕಿವಿಗೊಟ್ಟು ಕೇಳಿ ಯಂತ್ರವನ್ನು ತಿದ್ದುತ್ತಿದ್ದರು. ಅವರ ಬಾಸ್‌ಮನ್ ಎಂಬ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ಲರ ಅಂಗಡಿಯವರು ತಮ್ಮ ಯಂತ್ರವನ್ನು ನಿರ್ಮಿಸಿದರು. ಇದಕ್ಕಿಂತ ಭಿನ್ನವಾದ ಇನ್ನೊಂದು ಕ್ರಮವನ್ನು ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಜಾಲವು ವರ್ಧಕದ ಸುತ್ತಲೇ ಕಟ್ಟಿರುವುದರಿಂದ ಗುಂಡಿಯನ್ನು ನಡುವೆ ನಿಲ್ಲಿಸಿದರೆ ನಾದ ಸಮವಾಗಿರುತ್ತದೆ. ಬಲಕ್ಕೆ ತಿರುಗಿಸಿದರೆ ನಿಜವಾಗಿಯೂ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಸಂಗೀತ ಕೇಳುವ ಮನೆಯ ಯಂತ್ರಗಳಲ್ಲಿಯೂ ಸಭೆಗಳ ಧ್ವನಿವರ್ಧಕಗಳಲ್ಲಿಯೂ ಈ ಕ್ರಮವೇ ಹೆಚ್ಚಾಗಿ ಬಳಕೆಗೆ ಬಂದಿತು. ಆದುದರಿಂದ ಗುಂಡಿಯ ಮೇಲಿನ ಹೆಸರು ಒಂದೇ ಆದರೂ ಯಂತ್ರ ಯಾವುದೆಂದು ಅರಿತು ಕೈಯಿಡಬೇಕು.

ಈಗ ಪ್ರಯೋಜನದ ಮಾತು. ತಮಿಳುನಾಡಿನಲ್ಲಿ ಅತ್ಯಧಿಕ ಮಳೆ ಬೀಳುವ ಊರುಗಳಲ್ಲಿ ದೇವಾಲವೂ ಒಂದು. ಮುಂಗಾರಿನಲ್ಲಿ ತಗಡಿನ ಮಾಡಿನ ಕೆಳಗೆ ಮಕ್ಕಳ ಹಾಡನ್ನು ಏರ್ಪಡಿಸಿದರೆ ಮಳೆಯ ಭೋರ್ಗರೆತದ ನಡುವೆ ಮಾತು ಮುಚ್ಚಿಹೋಗುತ್ತದೆ. ಆಗ ಒಬ್ಬರು ಗಿಟಾರಿನ ಸದ್ದನ್ನು ಏರಿಸುತ್ತಾರೆ, ಮತ್ತೊಬ್ಬರು ಮೈಕನ್ನು ಏರಿಸುತ್ತಾರೆ, ಮೈಕು ಕಿರುಚುತ್ತದೆ. ಕೊನೆಗೆ ಹಿಂದಿನ ಸಾಲಿನಲ್ಲಿ ಕುಳಿತ ತಾಯಿಗೆ ತನ್ನ ಮಗುವಿನ ಒಂದು ನುಡಿಯೂ ಕೇಳಿಸದು. ಭಾಷೆಯಲ್ಲಿ ಸ್ವರಾಕ್ಷರಗಳ ಬಲವು ಮಂದ್ರ ಮತ್ತು ಮಧ್ಯ ಭಾಗಗಳಲ್ಲಿದ್ದರೆ, ಸ, ಶ, ಚ ಮೊದಲಾದ ವ್ಯಂಜನಗಳ ಸ್ಪಷ್ಟತೆಯು ತಾರಭಾಗದಲ್ಲಿದೆ. ಗಿಟಾರಿನ ಮಂದ್ರಮಧ್ಯಗಳು ತುಂಬಿ ಗುಂಯ್ಗುಟ್ಟಿದರೆ ಎಳೆಯ ಕಂಠವು ಅದರೊಳಗೆ ಮುಳುಗುತ್ತದೆ. ಆದುದರಿಂದ ಇಂತಹ ಸಂದರ್ಭದಲ್ಲಿ ಮೈಕನ್ನು ಏರಿಸುವುದಕ್ಕೆ ಮೊದಲು ಗಿಟಾರಿನ ಬೇಸನ್ನೂ ಮಿಡಲನ್ನೂ ಇಳಿಸಿ ನೋಡುವುದು ಲೇಸು. ಒಟ್ಟು ಸದ್ದು ಕಡಿಮೆಯಾದರೂ ಹಾಡಿನ ಸಾಹಿತ್ಯ ಎದ್ದು ಬರುತ್ತದೆ. ಮಕ್ಕಳ ಕಿವಿಗೂ ಹಿತವಾಗುತ್ತದೆ. ಗುಂಡಿಯ ಬಳಿ ಕುಳಿತವರ ಕಿವಿಯನ್ನಷ್ಟೇ ನಂಬದೆ, ಹಿಂದಿನ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ, ಹಾಡಿನ ಒಂದು ಸಾಲನ್ನು ಕೇಳಿದಂತೆ ಬರೆದು ತರಲು ಹೇಳಬೇಕು. ಸಾಲು ಸರಿಯಾಗಿ ಬಂದರೆ ಗುಂಡಿಗಳೂ ಸರಿಯಾಗಿವೆಯೆಂದೇ ಅರ್ಥ.

ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆವು. ಗುಂಡಿಗಳನ್ನು ಹೊರಗಿನಿಂದ ತಿರುಗಿಸಿ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಪೆಟ್ಟಿಗೆಯನ್ನು ಬಿಚ್ಚುವುದು ಮಾತ್ರ ಸಲ್ಲದು. ವಾಲ್ವಿನ ಯಂತ್ರಗಳೊಳಗೆ ನೂರಾರು ವೋಲ್ಟಿನ ವಿದ್ಯುತ್ತು ಇರುತ್ತದೆ. ಸ್ವಿಚ್ಚನ್ನು ಆರಿಸಿ ತಂತಿಯನ್ನು ಕಿತ್ತ ಮೇಲೂ ಅದು ದೊಡ್ಡ ಧಾರಕಗಳಲ್ಲಿ ಉಳಿದಿರಬಹುದು. ಅದು ಪ್ರಾಣಾಪಾಯಕಾರಿ. ಒಳಗಿನ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಮಕ್ಕಳು ಕೈಹಾಕದಂತೆ ತಂದೆತಾಯಿಗಳು ನೋಡಿಕೊಳ್ಳಬೇಕು.

ಯಂತ್ರವನ್ನು ಕೊಳ್ಳಲು ಹಣ ಸಾಕು. ಅದನ್ನು ಒಳ್ಳೆಯ ರೀತಿಯಲ್ಲಿ ಬಳಸಲು ತಿಳಿವಳಿಕೆ ಬೇಕು. ವಿದ್ಯಾರ್ಥಿಗಳು ಮುಂದಿನ ಉತ್ಸವದಲ್ಲಿ ಈ ಮೂರು ಗುಂಡಿಗಳ ಮುಂದೆ ನಿಂತಾಗ, ಯಾವುದನ್ನು ಏರಿಸಲಿ ಎಂದು ಯೋಚಿಸುವುದಕ್ಕೆ ಮೊದಲು ಯಾವುದನ್ನು ಇಳಿಸಿದರೆ ಹಾಡು ಕೇಳೀತು ಎಂದು ಯೋಚಿಸಲಿ. ಈ ಪಾಠದ ಫಲ ಅದೇ.